ಹುಣಸೆಹಣ್ಣಿನಲ್ಲಿ ನೆನೆದ ನಿಕಲ್ ಕೇಸುಗಳು

2013ರಲ್ಲಿ ಟೆಕ್ಸಾಸಿನಲ್ಲಿ ಗುಂಡಿಗೆ ಬರ ಬಂದಿತ್ತು. ತಮಾಷೆಗೆ ಹೇಳುತ್ತಿಲ್ಲ. ಡಲ್ಲಾಸಿನ ಸುತ್ತಮುತ್ತ ಯಾವ ಬಂದೂಕಿನ ಅಂಗಡಿಗೆ ಹೋದರೂ ಕಪಾಟು ಖಾಲಿ, ‘ಒಬ್ಬರಿಗೆ ಒಂದೇ ಡಬ್ಬಿ’ ಎಂಬ ಚೀಟಿ ಮಾತ್ರ ಅಂಟಿಸಿರುತ್ತಿದ್ದರು. ಕ್ಯಾರಲ್ಟನ್‌ನ ನಮ್ಮ ಶೆಡ್ಡಿನಲ್ಲಿ ಮಾತ್ರ ಕೈತುಂಬ ಕೆಲಸ. ನಾವು ಹೊಸ ಗುಂಡು ಮಾಡುವವರಲ್ಲ, ಹಾರಿಸಿಯಾದ ಗುಂಡಿನ ಖಾಲಿ ಕೇಸನ್ನು ಮತ್ತೆ ತುಂಬಿಕೊಡುವವರು. ಗುಂಡು ಹಾರಿದಾಗ ಮುಂದಿನ ಸೀಸ ಹೋಗುತ್ತದೆ, ಒಳಗಿನ ಮದ್ದು ಉರಿದುಹೋಗುತ್ತದೆ, ತಳದಲ್ಲಿ ಕಿಡಿ ಕೊಡುವ ಪ್ರೈಮರ್ ಸತ್ತುಹೋಗುತ್ತದೆ. ಇವನ್ನೆಲ್ಲ ಹೊತ್ತ ಹಿತ್ತಾಳೆಯ ಪುಟ್ಟ ಕೊಳವೆ ಹಾಗೇ ಉಳಿಯುತ್ತದೆ. ಅದೇ ಕೇಸು. ಅದನ್ನು ಸ್ವಚ್ಛ ಮಾಡಿ, ಅಚ್ಚಿನೊಳಗೆ ಒತ್ತಿ ಅಳತೆಗೆ ತಂದು, ಬಾಯಿ ಕೊಂಚ ಅಗಲಿಸಿ, ಹೊಸ ಸಾಮಾನು ತುಂಬಿ, ಮತ್ತೆ ಬಾಯಿ ಬಿಗಿಯುತ್ತಿದ್ದೆವು. ನನ್ನ ಕೆಲಸ ತಪಾಸಣೆ. ಚೀಟಿಯ ಮೇಲೆ ನನ್ನ ಸಹಿ ಬೀಳದೆ ಒಂದು ಡಬ್ಬಿಯೂ ಬಾಗಿಲು ದಾಟುವಂತಿರಲಿಲ್ಲ.

ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ಇಂಥ ಸಾಮಾನು ನಾನು ಮುಟ್ಟುವಂತಿರಲಿಲ್ಲ. ಬಂದ ಮೇಲೆ ಸೇರಿದ ಮೊದಲ ಕೆಲಸ ಇದು. ಪ್ಲೇನೋದ ಸ್ನೇಹಿತರ ಮನೆಗಳಲ್ಲಿ ಯಾರಾದರೂ ವಿಚಾರಿಸಿದರೆ ನನ್ನ ಗಂಡ ನನಗಿಂತ ಮೊದಲು ಬಾಯಿ ಹಾಕಿ, “ಮೆಟಲ್ ಫಿನಿಷಿಂಗ್‌ನಲ್ಲಿದಾಳೆ” ಅನ್ನುತ್ತಿದ್ದರು. ಪೂರ್ತಿ ಸುಳ್ಳೇನಲ್ಲ. ರಾಜಾಜಿನಗರದ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಏಳು ವರ್ಷ ನಿಕಲ್ ತೊಟ್ಟಿಯ ಮುಂದೆ ನಿಂತವಳು ನಾನು. ಅಂಗಡಿಯ ಮಾಲೀಕರು ನನ್ನನ್ನು ಸೇರಿಸಿಕೊಂಡದ್ದೇ ಆ ಕಾರಣಕ್ಕೆ. ಅವರು ಬೆಳಗಾವಿಯವರು, ಲೇತ್ ಮೆಷಿನ್ ಮೇಲೆ ಅರ್ಧ ಆಯುಸ್ಸು ಕಳೆದವರು. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಸಂಬಂಧ ಕೂಡುವುದಿಲ್ಲ, ನಿಜ. ನಾವಿಬ್ಬರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಕೇಸುಗಳಲ್ಲಿ ಹೆಚ್ಚಿನವು ಬರಿ ಹಿತ್ತಾಳೆಯವು. ಕೆಲವಕ್ಕೆ ಮೇಲೆ ತೆಳುವಾಗಿ ನಿಕಲ್ ಹಚ್ಚಿರುತ್ತಾರೆ. ಅವುಗಳ ಮೇಲೆ ನನಗೆ ಇವತ್ತಿಗೂ ಮೋಹ. ಬೆಳ್ಳಿಯಂಥ ಬಣ್ಣ, ಬೆರಳಿಗೆ ಸಿಕ್ಕರೆ ಜಾರಿಹೋಗುವ ನುಣುಪು. ವರ್ಷಗಟ್ಟಲೆ ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟರೂ ಸುಲಭಕ್ಕೆ ಕಿಲುಬು ಹತ್ತುವುದಿಲ್ಲ. ಗುಂಡು ಹಾರಿದ ಮೇಲೆ ರಿವಾಲ್ವರಿನಲ್ಲಿ ಗುಂಡುಗಳು ಕೂರುವ ತಿರುಗಣೆಯಿಂದ ಬರಿ ಹಿತ್ತಾಳೆ ಹಟ ಹಿಡಿದು ಹೊರಬರುತ್ತದೆ, ನಿಕಲ್ಲಿನದು ಒಂದು ತಳ್ಳಿಗೆ ಜಾರಿ ಬೀಳುತ್ತದೆ. ಆದರೆ ಅದರ ಬಾಯಿ ಬೇಗ ಸೀಳುತ್ತದೆ, ಮೇಲಿನ ಪದರ ಏಳುತ್ತದೆ. ಹಾಗಾಗಿ ಅಂಕಲ್ ಅದಕ್ಕೆ ಬೇರೆಯೇ ಮಡಿ ಇಟ್ಟಿದ್ದರು. ನಿಕಲ್ಲಿಗೆ ಬೇರೆ ಬಕೀಟು, ಬೇರೆ ದಿನ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಯಂತ್ರದಲ್ಲಿ ಒಣಗಿದ್ದಂತೆಯೇ ಉರುಳಿಸಬೇಕು, ಅದಕ್ಕೆ ನೀರು ತೋರಿಸಬಾರದು.

ಹ್ಯೂಸ್ಟನ್‌ನ ಮೇಡಂ ಬಂದದ್ದು ಒಂದು ಗುರುವಾರ. ಎಪ್ಪತ್ತರ ಆಚೀಚೆಯ ಹೆಂಗಸು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಕಾಫಿ ಪುಡಿಯ ಎರಡು ದೊಡ್ಡ ಡಬ್ಬಿಗಳನ್ನು ಎದೆಗವಚಿಕೊಂಡು ಒಳಗೆ ಬಂದರು. ಅವುಗಳಲ್ಲಿ ನಾನೂರು ನಿಕಲ್ ಕೇಸುಗಳು, ಅವರೇ ಹದಿನೈದು ವರ್ಷ ಹಾರಿಸಿ ಹೆಕ್ಕಿಟ್ಟವು. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

“ಆಸ್ಟಿನ್‌ನಲ್ಲಿ ರಿವಾಲ್ವರ್ ಪಂದ್ಯ ಇದೆ, ಇನ್ನು ಇಪ್ಪತ್ತು ದಿನ,” ಅಂದರು. “ಹೋದ ವರ್ಷ ಬರಿ ಹಿತ್ತಾಳೆಯ ಕೇಸು ತಗೊಂಡು ಹೋಗಿದ್ದೆ. ಮೂರನೇ ಸುತ್ತಿಗೇ ಕಚ್ಚಿಕೊಂಡವು. ಈ ಹೆಬ್ಬೆರಳಲ್ಲಿ ತಳ್ಳೋಕಾಗಲಿಲ್ಲ. ಕೈ ಎತ್ತಿ ಹೊರಗೆ ಬಂದುಬಿಟ್ಟೆ.”

ಬಲಗೈಯ ಹೆಬ್ಬೆರಳು ತೋರಿಸಿದರು. ಗಿಣ್ಣು ಊದಿಕೊಂಡು ಒಂದು ಕಡೆಗೆ ವಾಲಿತ್ತು.

“ಹೊಸ ನಿಕಲ್ ಗುಂಡು ಊರಲ್ಲೆಲ್ಲೂ ಸಿಗ್ತಿಲ್ಲ. ಇರೋದು ಇವಿಷ್ಟೇ. ಪಂದ್ಯಕ್ಕೆ ನೂರ ಇಪ್ಪತ್ತು ಬೇಕು, ಉಳಿದದ್ದು ಅಭ್ಯಾಸಕ್ಕೆ. ನನಗೆ ಗೆಲ್ಲೋದು ಬೇಡಮ್ಮ, ಮುಗಿಸಬೇಕು ಅಷ್ಟೆ. ಮುಂದಿನ ವರ್ಷಕ್ಕೆ ಈ ಕೈ ಬರುತ್ತೆ ಅಂತ ನನಗೆ ನಂಬಿಕೆ ಇಲ್ಲ.”

ಅಂಕಲ್ ಒಂದು ಕೇಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹಳೇ ಚರ್ಮದ ಚೀಲದಲ್ಲಿ ಇದ್ದುದರಿಂದ ಹಲವು ಕಡೆ ಕಪ್ಪು ಕಲೆ, ನಿಕಲ್ ಸವೆದ ಬಾಯಿಯ ಅಂಚಿನಲ್ಲಿ ಸ್ವಲ್ಪ ಹಸಿರು. “ಆಗ್ತದ,” ಅಂತ ನನಗೆ ಹೇಳಿ, ಅವರಿಗೆ ಇಂಗ್ಲಿಷಿನಲ್ಲಿ ಒಪ್ಪಿಗೆ ಕೊಟ್ಟರು.

ಮಾರನೇ ದಿನ ಅಂಕಲ್ ಪ್ರೈಮರ್ ತರಲು ಊರಾಚೆ ಹೋಗಿದ್ದರು. ಉರುಳಿಸುವ ಯಂತ್ರದ ಮೋಟರ್ ಹಿಂದಿನ ದಿನವೇ ಸುಟ್ಟಿತ್ತು, ಹೊಸದು ಬರಲು ವಾರ ಬೇಕಿತ್ತು. ನಾನೂರು ಕೇಸು ಮುಂದಿಟ್ಟುಕೊಂಡು ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ನಮ್ಮ ಮನೆಯಲ್ಲಿ ದೀಪದ ಕಂಬ, ಕಳಸದ ಚೊಂಬು ಬೆಳಗುವುದು ಹುಣಸೆಹಣ್ಣು, ಉಪ್ಪು ಹಾಕಿಯೇ. ಅದರ ಮುಂದೆ ಬೇರೆ ಯಾವ ಪುಡಿಯೂ ಇಲ್ಲ ಎಂದು ನಾನು ವಾದ ಮಾಡಿ ಗೆದ್ದ ಮನೆಗಳೂ ಇವೆ. ಎರಡು ರಸ್ತೆ ಆಚೆ ಇಂಡಿಯನ್ ಸ್ಟೋರು. ಹುಣಸೆಹಣ್ಣಿನ ಅಚ್ಚು ತಂದು, ಬಿಸಿನೀರಲ್ಲಿ ಕಿವುಚಿ, ಹಿಡಿ ಉಪ್ಪು ಹಾಕಿ, ನಾನೂರನ್ನೂ ಬಕೀಟಿನಲ್ಲಿ ಮುಳುಗಿಸಿದೆ. ಹತ್ತು ನಿಮಿಷ ಅಂದುಕೊಂಡಿದ್ದೆ.

ಅಷ್ಟರಲ್ಲಿ ಮಗಳ ಸ್ಕೂಲಿನಿಂದ ಫೋನ್ ಬಂತು, ಜ್ವರ ಬಂದಿದೆ ಎಂದು. ಬಾಗಿಲು ಹಾಕಿಕೊಂಡು ಓಡಿದೆ. ಕಾರಿನಲ್ಲಿ ಅವಳು ಮೂಗು ಹಿಡಿದುಕೊಂಡು, “ಅಮ್ಮಾ, ಯು ಸ್ಮೆಲ್ ಲೈಕ್ ಸಾರು,” ಅಂದಳು. ಆಗಲಾದರೂ ನೆನಪಾಗಬೇಕಿತ್ತು. ನಗು ಬಂತು, ನೆನಪು ಬರಲಿಲ್ಲ. ಶನಿವಾರ ಡಾಕ್ಟರು, ಭಾನುವಾರ ಫ್ಲವರ್ ಮೌಂಡ್‌ನಲ್ಲಿ ಸ್ನೇಹಿತರ ಗೃಹಪ್ರವೇಶ. ಹೋಳಿಗೆ ಬಡಿಸುತ್ತಿದ್ದಾಗ ಬಕೀಟು ಕಣ್ಣ ಮುಂದೆ ಬಂತು. ಆಗಲೇ ಹೋಗಿ ತೆಗೆಯಬಹುದಿತ್ತು. ನಿಕಲ್ಲಿಗೆ ಹುಣಸೆಹುಳಿ ಏನು ಮಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇನ್ನೊಂದು ಪಂಕ್ತಿಗೆ ಬಡಿಸಿದೆ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತೆಗೆದು, ಐದು ಸಲ ತೊಳೆದು, ಒಣಗಿಸಿದೆ. ಏನು ಹೊಳಪು! ಒಂದು ಕಲೆ ಇಲ್ಲ. ಅಂಕಲ್ ಬಂದು ನೋಡಿ, “ಅಗದೀ ಛಲೋ ಆಗ್ಯಾವಲ್ಲ ತಂಗಿ,” ಅಂದಾಗ ನಾನು “ಹೂಂ” ಅಂದು ಸುಮ್ಮನಾದೆ. ಹೇಗೆ ಆದವು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಹೂಂ ನೆನೆದರೆ ಈಗಲೂ ನನಗೆ ಮುಖ ಬಿಸಿಯಾಗುತ್ತದೆ.

ಮಂಗಳವಾರ ಅಂಕಲ್ ಪ್ರೆಸ್ಸಿನ ಮುಂದೆ ಕೂತರು. ಹಿಡಿಕೆ ಒಂದು ಸಲ ಇಳಿಸಿದರೆ ಒಂದು ಕೇಸು ಅಚ್ಚಿನೊಳಗೆ ಹೋಗಿ ಅಳತೆಗೆ ಬರುತ್ತದೆ. ಅವರು ಈ ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖ. ಅವಸರವಿಲ್ಲ, ಆಲಸ್ಯವೂ ಇಲ್ಲ. ಅಂಗೈಯಲ್ಲಿ ಪ್ರತಿ ಕೇಸಿನ ಬಿಗಿ ತಿಳಿಯುತ್ತದೆ ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತಿದ್ದೆ. ಎಂಬತ್ತರ ಹತ್ತಿರ ಬಂದಾಗ ಅವರ ಕೈ ನಿಂತಿತು.

“ನೋಡ್ ತಂಗಿ, ಕೈಗೆ ಹರಳು ಸಿಕ್ಕಂಗ ಆಗಾಕತ್ತೈತಿ.”

ನೋಡಿದೆ. ಕೇಸಿನ ಮೈಮೇಲೆ ಉದ್ದಕ್ಕೆ ಕೂದಲೆಳೆಯಂಥ ಗೀರು. ಹಿಂದಿನದರ ಮೇಲೂ ಇತ್ತು, ನಾನೇ ಗಮನಿಸಿರಲಿಲ್ಲ. ಅಂಕಲ್ ಅಚ್ಚು ಬಿಚ್ಚಿ ಒಳಗಿನ ಉಂಗುರಕ್ಕೆ ಬೆಳಕು ಬಿಟ್ಟರು. ಅಂಚಿನಲ್ಲಿ ಮಿಣಮಿಣ ಹೊಳೆಯುವ ಚೂರುಗಳು ಸಿಕ್ಕಿಕೊಂಡಿದ್ದವು. ಮರದ ಕಡ್ಡಿಗೆ ಬಟ್ಟೆ ಸುತ್ತಿ, ಪಾಲಿಷ್ ಹಚ್ಚಿ ತಿಕ್ಕಿ ತೆಗೆದರು. ಮತ್ತೆ ಕೂತರು. ಇಪ್ಪತ್ತು ಕೇಸಿಗೆ ಮತ್ತೆ ಗೀರು. ಮತ್ತೆ ಬಿಚ್ಚಿ ತಿಕ್ಕಿ, ಈ ಸಲ ಅಂಗಡಿಯ ನಿಕಲ್ ಬಕೀಟಿನಲ್ಲಿದ್ದ ಹಳೆಯ ಕೇಸು ಮೂವತ್ತು ಹಾಕಿ ನೋಡಿದರು. ಒಂದಕ್ಕೂ ಗೀರಿಲ್ಲ.

ಅಚ್ಚಿನದೇನೂ ತಪ್ಪಿಲ್ಲ ಎಂದು ನನಗೆ ಅರ್ಥವಾಗಿತ್ತು. ಅವರಿಗೂ ಅರ್ಥವಾಗಿತ್ತು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಏನ್ ಹಾಕಿ ತೊಳದೀ ಇವನ್ನ?”

“ಹುಣಸೆಹಣ್ಣು, ಉಪ್ಪು, ಅಂಕಲ್,” ಅಂದೆ. “ಶುಕ್ರವಾರದಿಂದ ಸೋಮವಾರದವರೆಗೆ ಅದರಲ್ಲೇ ಇತ್ತು. ನಿಮಗೆ ಹೇಳಲಿಲ್ಲ ನಾನು. ತಪ್ಪಾಯ್ತು.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಅವರು ಕೇಸನ್ನು ಬೆರಳಲ್ಲಿ ತಿರುಗಿಸುತ್ತ, “ನಮ್ಮವ್ವನೂ ಹಿತ್ತಾಳಿ ಕೊಡಾ ಹುಣಸಿಹಣ್ಣಲೇನ ತಿಕ್ಕತಿದ್ಲು,” ಅಂದರು. “ಅದು ಬರೇ ಮೈಯಿಂದ ಇದ್ದದ್ದು. ಇದು ಮ್ಯಾಲ ಅಂಗಿ ತೊಟ್ಟೈತಿ. ಅಂಗಿ ಒಳಗ ಹುಳಿ ಹೊಕ್ಕರ ಹೊರಗ ಹೆಂಗ ಬರ್ತದ ಹೇಳು?”

ಏಳು ವರ್ಷ ನಿಕಲ್ ಹಚ್ಚಿದವಳಿಗೆ ಇದನ್ನು ಲೇತಿನ ಮನುಷ್ಯ ಹೇಳಬೇಕಾಯಿತು. ಬಾಯಿಯ ಅಂಚಿನಲ್ಲಿ, ಹಳೆಯ ಗೀರುಗಳಲ್ಲಿ ಹಿತ್ತಾಳೆ ಬಯಲಾಗಿದ್ದ ಕಡೆಯಿಂದ ಹುಳಿ, ಉಪ್ಪು ನುಗ್ಗಿ ನಿಕಲ್ ಪದರವನ್ನು ಅಡಿಯಿಂದ ಎಬ್ಬಿಸಿತ್ತು. ಕೆಳಗಿನ ಹಿತ್ತಾಳೆಯನ್ನೂ ತಿಂದಿತ್ತು. ಎಷ್ಟು ತಿಂದಿದೆ ಎಂದು ನೋಡಲು ಅಂಕಲ್ ಹತ್ತು ಕೇಸು ತೆಗೆದು ಬಾಯನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಸುಕಿದರು. ಆರೋಗ್ಯವಾಗಿರುವ ಹಿತ್ತಾಳೆ ಬಾಗುತ್ತದೆ. ಹತ್ತರಲ್ಲಿ ನಾಲ್ಕು ಬಿಸ್ಕತ್ತಿನಂತೆ ಮುರಿದವು.

ಬಾಯಿ ಸೀಳಿದ ಕೇಸು ಸೀಸವನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಪಕ್ಕದ ಗುಂಡು ಹಾರಿದ ಹೊಡೆತಕ್ಕೆ ಇದರ ಸೀಸ ಮುಂದೆ ಸರಿದರೆ ರಿವಾಲ್ವರಿನ ತಿರುಗಣೆ ತಿರುಗದೆ ನಿಂತುಬಿಡುತ್ತದೆ. ಅಂದರೆ ಮೇಡಂ ಮತ್ತೆ ಕೈ ಎತ್ತಿ ಹೊರಗೆ ಬರಬೇಕು. ಪಂದ್ಯಕ್ಕೆ ಹದಿನೈದು ದಿನ ಇತ್ತು.

“ಸೀಳಿದ್ದನ್ನ ತೆಗೆದು ಉಳಿದದ್ದನ್ನ ಕೊಟ್ಟರೆ?” ಅಂದೆ.

“ಇವತ್ತ ಸೀಳಿಲ್ಲ ಅಂದ್ರ ಹೊಡದಾಗ ಸೀಳೂದಿಲ್ಲೇನು? ನಿನಗ ಗೊತ್ತದನು? ನನಗಂತೂ ಗೊತ್ತಿಲ್ಲ.” ಚೀಟಿ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. “ಸಹಿ ನಿಂದು. ನೀನ ಹೇಳು, ಕೊಡೂದೋ ಬ್ಯಾಡೋ.”

ಕೊಟ್ಟರೆ ನೂರಕ್ಕೆ ಅರವತ್ತು ಪಾಲು ನಡೆದೇ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಡದಿದ್ದರೆ ಒಬ್ಬ ಮುದುಕಿಯ ಹದಿನೈದು ವರ್ಷದ ಸಂಗ್ರಹವನ್ನು ನಾನು ಮೂರು ದಿನದಲ್ಲಿ ಹಾಳು ಮಾಡಿದೆ ಎಂದು ಅವರಿಗೇ ಹೇಳಬೇಕು. ಪುಸ್ತಕ ಮುಚ್ಚಿ, “ಕೊಡೋದು ಬೇಡ. ನಾನೂರೂ ಬೇಡ,” ಅಂದೆ. ಅಂಕಲ್ ತಲೆಯಾಡಿಸಿ ಎರಡು ಡಬ್ಬಿಗಳನ್ನೂ ಗುಜರಿ ಡ್ರಮ್ಮಿಗೆ ತಾವೇ ಸುರಿದರು. ಅಷ್ಟು ಸದ್ದು ಮಾಡಿ ಸುರಿಯಬೇಕಿರಲಿಲ್ಲ ಅನ್ನಿಸಿತು.

ಹ್ಯೂಸ್ಟನ್‌ಗೆ ಫೋನ್ ಮಾಡಿದ್ದು ಅವರೇ. ನಾನು ಮಾತಾಡುತ್ತೇನೆ ಅಂದರೂ ಬಿಡಲಿಲ್ಲ. ‘ನಮ್ಮ ತಪ್ಪು, ಅಂಗಡಿಯ ತಪ್ಪು’ ಅಂದರೇ ಹೊರತು ನನ್ನ ಸುದ್ದಿ ಎತ್ತಲಿಲ್ಲ. ಆ ಕಡೆಯಿಂದ ಮೇಡಂ ಕೇಳಿದ್ದು ಒಂದೇ: ನಿಮ್ಮಲ್ಲಿ ಬೇರೆ ನಿಕಲ್ ಇದೆಯಾ?

ನಮ್ಮ ಬಕೀಟಿನಲ್ಲಿ ಅವರ ರಿವಾಲ್ವರಿನ ಅಳತೆಯದು ಮೂವತ್ತೇ ಇದ್ದದ್ದು, ಅಂಕಲ್ ಅಚ್ಚಿನಲ್ಲಿ ಒತ್ತಿ ನೋಡಿದ್ದವೇ. ಹಿತ್ತಲಲ್ಲಿ ಬೇರೆ ಮೂರು ಡ್ರಮ್ಮು ಇದ್ದವು. ಗುಂಡು ಹಾರಿಸುವ ಮೈದಾನಗಳ ನೆಲ ಗುಡಿಸಿ ತಂದ ಎಲ್ಲ ಅಳತೆಯ, ಎಲ್ಲ ಜಾತಿಯ ಕೇಸುಗಳು. ಎರಡು ಹಿಡಿ ತೆಗೆದರೆ ನಮಗೆ ಬೇಕಾದದ್ದು ಒಂದು ಸಿಕ್ಕರೆ ಪುಣ್ಯ.

ಶನಿವಾರ ಬೆಳಿಗ್ಗೆ ನಾನು ಮತ್ತು ಅಂಕಲ್ ಮೊದಲ ಡ್ರಮ್ಮನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದಾಗ ಮೇಡಂ ಬಾಗಿಲಲ್ಲಿ ನಿಂತಿದ್ದರು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. “ನನ್ನ ಕೈಲಿ ಬೇರೇನೂ ಆಗಲ್ಲ, ಆರಿಸೋಕಾಗುತ್ತೆ,” ಅಂತ ಕುರ್ಚಿ ಎಳೆದುಕೊಂಡರು.

ಮೂರೂ ಡ್ರಮ್ಮು ಮುಗಿಯುವ ಹೊತ್ತಿಗೆ ನಮ್ಮ ಬೆರಳ ತುದಿಗಳು ಮಸಿಯಾಗಿದ್ದವು. ಕೇಸುಗಳನ್ನು ಅಂಗೈಯಲ್ಲಿ ಕುಲುಕಿದರೆ ಚೆನ್ನಾಗಿರುವುದು ಗಣಗಣ ಅನ್ನುತ್ತದೆ, ಸೀಳಿದ್ದು ಒಡಕು ಸದ್ದು ಕೊಡುತ್ತದೆ. ನನಗೆ ಹತ್ತು ಸಲ ಕುಲುಕಿದರೂ ಅನುಮಾನ. ಮೇಡಂ ಐದೈದಾಗಿ ಕುಲುಕಿ, ಕಣ್ಣು ಮುಚ್ಚಿ, “ಇದರಲ್ಲೊಂದು ಕೆಟ್ಟದ್ದಿದೆ,” ಅನ್ನುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಇದ್ದೇ ಇರುತ್ತಿತ್ತು. ಅರವತ್ತು ಮಕ್ಕಳು ಕಿರುಚುವ ಬಸ್ಸಿನಲ್ಲಿ ಇಂಜಿನ್ನಿನ ಯಾವ ನಟ್ಟು ಸಡಿಲವಾಗಿದೆ ಎಂದು ಕೇಳಿಸಿಕೊಳ್ಳುತ್ತಿದ್ದೆ ಅಂದರು. ನಂಬಿದೆ. ಅಂಥ ಕಿವಿಯನ್ನು ನಾನು ಇನ್ನೊಂದು ಕಂಡಿಲ್ಲ.

ಮಧ್ಯಾಹ್ನ ಅಂಕಲ್ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮೂರು ಪಾಲು ಮಾಡಿದರು. ಅವರು ಕೈ ತೊಳೆಯಲು ಹೋದಾಗ ನಾನು ಮೇಡಂಗೆ ಹೇಳಿಬಿಟ್ಟೆ. “ಅದು ಅಂಗಡಿಯ ತಪ್ಪಲ್ಲ. ನನ್ನದು.”

“ಗೊತ್ತು,” ಅಂದರು ರೊಟ್ಟಿ ಮುರಿಯುತ್ತ. “ಆ ಮನುಷ್ಯ ಫೋನಲ್ಲಿ ‘ನಮ್ಮ’ ಅನ್ನೋದನ್ನ ನಾಲ್ಕು ಸಲ ಹೇಳಿದ. ಯಾರನ್ನೋ ಹಿಂದೆ ಬಚ್ಚಿಟ್ಟುಕೊಂಡಿದಾನೆ ಅಂದ್ಕೊಂಡೆ.” ಆಮೇಲೆ, “ಕೊಟ್ಟುಬಿಟ್ಟಿದ್ದರೆ ನನಗೆ ತಿಳೀತಾನೂ ಇರಲಿಲ್ಲ, ಅಲ್ವಾ?” ಅಂದರು. ನಾನು ಇಲ್ಲ ಅಂದೆ. ಅವರು ಚಟ್ನಿ ಇನ್ನೊಂದು ಚಮಚ ಕೇಳಿದರು.

ಬಕೀಟಿನ ಮೂವತ್ತೂ ಸೇರಿ ನೂರ ನಲವತ್ತು ಸಿಕ್ಕವು. ಸೋಮವಾರ ಮೋಟರ್ ಬಂತು, ದಿಂಡಿನ ಪುಡಿಯಲ್ಲಿ ಉರುಳಿಸಿದೆವು. ಹತ್ತು ಕೇಸಿಗೊಮ್ಮೆ ಅಂಕಲ್ ಅಚ್ಚು ಒರೆಸಿದರು. ಬಾಯಿ ಅಗಲಿಸುವಾಗ ಹದಿನಾಲ್ಕು ಸೀಳಿದವು. ಪ್ರತಿಯೊಂದು ಸೀಳಿದಾಗಲೂ ನಾನು ಉಳಿದವನ್ನು ಮತ್ತೆ ಎಣಿಸುತ್ತಿದ್ದೆ. ಅಂಕಲ್ ಆಮೇಲೆ ಎಷ್ಟು ಕಡಿಮೆ ಅಗಲಿಸಿದರೆ ಸೀಸ ಕೂರುತ್ತದೋ ಅಷ್ಟಕ್ಕೇ ತಂದು ನಿಲ್ಲಿಸಿದರು. ಉಗುರಿನಿಂದ ಮುಟ್ಟಿದರೆ ಮಾತ್ರ ತಿಳಿಯುವಷ್ಟು ಅಗಲ. ಉಳಿದ ನೂರ ಇಪ್ಪತ್ತಾರರಲ್ಲಿ ಸೀಸದ ಹಿಡಿತ ಪರೀಕ್ಷಿಸಲು ಆರು ಬಲಿ ಕೊಟ್ಟೆವು. ಮೇಜಿನ ಅಂಚಿಗೆ ಒತ್ತಿ, ಎಳೆದು ನೋಡಿದರೂ ಆರೂ ಅಲುಗಲಿಲ್ಲ. ಸರಿಯಾಗಿ ನೂರ ಇಪ್ಪತ್ತು ಉಳಿದವು. ಅಭ್ಯಾಸಕ್ಕೆ ಒಂದೂ ಇಲ್ಲ. ಚೀಟಿಗೆ ಸಹಿ ಹಾಕುವಾಗ ನನ್ನ ಹೆಸರು ನನಗೇ ಬೇರೆ ಯಾರದೋ ಅನ್ನಿಸಿತು.

ಪಂದ್ಯದ ದಿನ ಅಂಕಲ್ ಜೊತೆ ಆಸ್ಟಿನ್‌ಗೆ ಹೋದೆ. ಊರ ಹೊರಗಿನ ಮೈದಾನ, ಸುಣ್ಣಕಲ್ಲಿನ ಬಿಳಿ ನೆಲ, ಬೆಳಿಗ್ಗೆಯೇ ಕಾವಲಿಯಂತೆ ಕಾದಿತ್ತು. ಆರಾರು ಗುಂಡಿನ ಇಪ್ಪತ್ತು ಸುತ್ತು. ಹಗ್ಗದ ಈಚೆ, ಕಿವಿಗೆ ಮುಚ್ಚಳ ಹಾಕಿಕೊಂಡು ನಿಂತೆವು. ಮೇಡಂ ಗುಂಡು ಹೊಡೆಯುವುದನ್ನು ನಾನು ನೋಡಲೇ ಇಲ್ಲ. ಹೊಡೆದಾದ ಮೇಲೆ ತಿರುಗಣೆ ಹೊರಗೆ ಸರಿಸಿ, ಖಾಲಿ ಕೇಸು ಹೊರದೂಡುವ ಕಡ್ಡಿಯ ಮೇಲೆ ಆ ಡೊಂಕು ಹೆಬ್ಬೆರಳಿಟ್ಟು ತಳ್ಳುತ್ತಿದ್ದುದನ್ನು ಮಾತ್ರ ನೋಡಿದೆ. ತಳ್ಳಿದಾಗಲೆಲ್ಲ ಆರು ಬೆಳ್ಳಿಯ ಚೂರು ಒಟ್ಟಿಗೇ ಉದುರುತ್ತಿದ್ದವು. ಮೂರನೇ ಸುತ್ತು ದಾಟಿತು. ಹತ್ತು ದಾಟಿತು. ಅಂಕಲ್ ನನಗೆ ಕೇಳಿಸದಿದ್ದರೂ ಏನೋ ಹೇಳುತ್ತಲೇ ಇದ್ದರು.

ಹತ್ತೊಂಬತ್ತನೆಯದರಲ್ಲಿ ಐದು ಉದುರಿದವು. ಒಂದು ಉಳಿಯಿತು.

ಮೇಡಂ ಮತ್ತೆ ತಳ್ಳಿದರು. ಬರಲಿಲ್ಲ. ಪಕ್ಕದಲ್ಲಿದ್ದ ಪಂದ್ಯದ ಅಧಿಕಾರಿ ಅವರ ಮುಖ ನೋಡಿದರು, ನಿಲ್ಲಿಸುತ್ತೀರಾ ಎಂಬಂತೆ. ಸಮಯ ಓಡುತ್ತಿತ್ತು. ನಾನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮೇಡಂ ರಿವಾಲ್ವರನ್ನು ಬಲಗೈಗೆ ಬದಲಿಸಿ, ನಳಿಗೆ ಮೇಲಕ್ಕೆ ತಿರುಗಿಸಿ, ಎಡ ಅಂಗೈಯ ಬುಡದಿಂದ ಕಡ್ಡಿಗೆ ಒಂದು ಏಟು ಹಾಕಿದರು. ಇನ್ನೊಂದು. ಮೂರನೆಯದಕ್ಕೆ ಬಿತ್ತು. ಕೊನೆಯ ಆರನ್ನು ಒಂದೊಂದಾಗಿ ತುಂಬಿಕೊಂಡರು. ಆರೂ ಹೊಡೆದರು. ಆರೂ ಉದುರಿದವು.

ಆ ಹಟಮಾರಿ ಕೇಸನ್ನು ಅಧಿಕಾರಿ ಹೆಕ್ಕಿಕೊಟ್ಟಿದ್ದರು. ಬಾಯಿಯಿಂದ ಅರ್ಧ ಮೈವರೆಗೆ ಸೀಳು. ನಾನೇ ಭೂತಗನ್ನಡಿಯಲ್ಲಿ ನೋಡಿ ಪಾಸು ಮಾಡಿದ್ದು. “ಇದು ನನ್ನ ಕಣ್ಣು ತಪ್ಪಿಸಿತು ಮೇಡಂ,” ಅಂದೆ.

“ಕುಲುಕಿ ಪಾಸು ಮಾಡಿದ್ದು ನಾನು,” ಅಂದರು ಅವರು. “ನಿನ್ನೊಬ್ಬಳದೇ ಅಂದ್ಕೋಬೇಡ.” ಹೆಬ್ಬೆರಳಿನ ಚರ್ಮ ಕಿತ್ತು ರಕ್ತ ಬಂದಿತ್ತು, ಅದನ್ನು ಪ್ಯಾಂಟಿಗೆ ಒರೆಸಿಕೊಂಡರು.

ಸಂಜೆ ಅಂಕಗಳ ಹಾಳೆಯನ್ನು ಹಲಗೆಗೆ ಅಂಟಿಸಿದರು. ಜನ ಮೇಲಿನ ಹೆಸರುಗಳನ್ನು ನೋಡಲು ಮುಗಿಬಿದ್ದಿದ್ದರು. ಮೇಡಂ ಕನ್ನಡಕ ಕಾರಲ್ಲೇ ಬಿಟ್ಟು ಬಂದಿದ್ದರು. “ಕೆಳಗಿಂದ ಓದು,” ಅಂದರು ನನಗೆ. ಕೆಳಗಿನಿಂದ ನೋಡಿದರೆ ಮೊದಲನೆಯ ಹೆಸರೇ ಅವರದು. ಕಟ್ಟಕಡೆಯ ಸ್ಥಾನ.

“ನನ್ನ ಹೆಸರಿನ ಮುಂದೆ ಅಂಕಿ ಇದೆಯಾ? ಹೋದ ವರ್ಷದ ಹಾಗೆ ಗೀಟು ಎಳೆದಿದಾರಾ?”

“ಅಂಕಿ ಇದೆ ಮೇಡಂ.”

“ಎಷ್ಟಿದೆ? ಜೋರಾಗಿ ಓದು.”

ಜೋರಾಗಿ ಓದಿದೆ. ಮುಂದೆ ನಿಂತಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಅಂಕಲ್ ಕಣ್ಣೊರೆಸಿಕೊಳ್ಳಲು ಆ ಕಡೆ ಹೋದರು, ಧೂಳು ಅಂದರು. ಮೇಡಂ ಮುಖವೆಲ್ಲ ನಗುವಾಗಿ ನನ್ನ ತೋಳು ಹಿಡಿದುಕೊಂಡು, “ಇನ್ನೊಂದು ಸಲ ಓದು,” ಅಂದರು.